ಐದಕ್ಕೂ ಆರಕ್ಕೂ ನಡುವೆ

ಡಾಕ್ಟರು ಫಿಲ್ಮು ಬೆಳಕಿಗೆ ಹಿಡಿದು ತೋರಿಸಿದರು:
ಕತ್ತಿನಲ್ಲಿ ಏಳು ಮಣಿ,
ಐದಕ್ಕೂ ಆರಕ್ಕೂ ನಡುವಿನ ಮೆತ್ತೆ
ಒಡೆದು ಹೊರಗೆ ಚಾಚಿದೆ.
ನನಗೆ ಗೊತ್ತಿದ್ದ ಐದು ಆರು ಬೇರೆ.
ಬೆಳಗಿನ ಐದಕ್ಕೂ ಆರಕ್ಕೂ ನಡುವೆ
ಕೋಲಾರದ ಮಂಡಿಯಲ್ಲಿ ಟೊಮೇಟೊ ಇಳಿಯುತ್ತದೆ,
ಮಂಜಿನಲ್ಲಿ ಲಾರಿಗಳು ಕೆಮ್ಮುತ್ತವೆ,
ನಾನು ಬಿಸಿ ಟೀಯಲ್ಲಿ ಗಂಟಲು ಹದ ಮಾಡುತ್ತೇನೆ.
ಮಾಡುತ್ತಿದ್ದೆ.

ಹರಾಜು ಕೂಗುವವನಿಗೆ ಕತ್ತೇ ತಿರುಗಣಿ.
ಎಡಕ್ಕೆ ಮುನ್ನೂರು, ಬಲಕ್ಕೆ ಮುನ್ನೂರ ಹತ್ತು,
ಹಿಂದೆ ಯಾರೋ ತೆಲುಗಿನಲ್ಲಿ ಇನ್ನೈದು ಏರಿಸಿದ,
ಅವನ ಮುಖ ತಪ್ಪಿದರೆ ರೈತನಿಗೆ ಐದು ಲುಕ್ಸಾನು.
ಅದಕ್ಕೂ ಮೊದಲು ಹನ್ನೊಂದು ವರ್ಷ
ಕ್ರೇಟು ತಲೆಯ ಮೇಲೆ ಹೊತ್ತಿದ್ದು
ಯಾವ ಚೀಟಿಯಲ್ಲೂ ಬರೆದಿಲ್ಲ.

ನೋವು ಹೆಗಲಿಂದ ಇಳಿದು ಹೆಬ್ಬೆರಳಿಗೆ ಬರುತ್ತಿತ್ತು,
ಚೇಳು ನಡೆದ ಹಾಗೆ, ಅವಸರವಿಲ್ಲದೆ.
ನಾರಾಯಣಮ್ಮ ಕೋಲಾರಮ್ಮನ ಗುಡಿಗೆ ಹೋಗಿ
ಚೇಳಮ್ಮನ ಹುಂಡಿಗೆ ಕಾಸು ಹಾಕಿ ಬಂದಳು.
ಹೊರಗಿನ ಚೇಳಿಗೆ ಆ ತಾಯಿ ಸರಿ,
ಇದು ಒಳಗಿನದು.
ನೋಟು ಎಣಿಸುವ ಬೆರಳೇ ಮರಗಟ್ಟಿ
ಒಂದು ದಿನ ಎರಡು ಐನೂರನ್ನು ಒಂದೆಂದು ಕೊಟ್ಟುಬಂದೆ.

"ಮಣಿಗಳನ್ನು ಬೆಸೆದುಬಿಡಬಹುದು, ಅಲ್ಲಿ ಅಲುಗಾಟ ಇರೋದಿಲ್ಲ.
ಇಲ್ಲವೇ ಹೊಸ ಬಿಲ್ಲೆ ಇಡಬಹುದು, ಅದು ಆಡುತ್ತದೆ."
ಆಡುವುದೇ ಇರಲಿ ಎಂದೆ.
ಹಳೇ ನಾಲ್ಕಾಣೆಯಷ್ಟು ಲೋಹ, ನಡುವೆ ಪ್ಲಾಸ್ಟಿಕ್ಕು.
ರೇಟು ಹೇಳಿದರು.
ಜನ್ಮದಲ್ಲಿ ಮೊದಲ ಸಲ
ಒಂದು ರೂಪಾಯಿಯೂ ಇಳಿಸದೆ
ತಲೆ ಆಡಿಸಲು ಹೋದೆ, ಆಗಲಿಲ್ಲ,
ಕಣ್ಣು ಮುಚ್ಚಿ ತೆರೆದೆ.

ಕೊಯ್ದದ್ದು ಮುಂದಿನಿಂದ, ಗಂಟಲ ಪಕ್ಕದಲ್ಲಿ.
ಎಚ್ಚರವಾದಾಗ ಚೇಳು ಇರಲಿಲ್ಲ.
ದನಿಯೂ ಇರಲಿಲ್ಲ.
"ನರ ಮುನಿಸಿಕೊಂಡಿದೆ, ಬರುತ್ತದೆ" ಎಂದರು,
ಮದುವೆಗೆ ಬಾರದ ಭಾವನ ವಿಷಯ ಹೇಳುವ ಹಾಗೆ.

ಮುದ್ದೆ ಅಗಿಯುವವನು ನಮ್ಮ ಕಡೆಯವನಲ್ಲ.
ನುಂಗಲಾರದವನು ಎಲ್ಲಿಯವನು?
ಮೂರು ವಾರ ಅಂಬಲಿ.
ಕತ್ತಿಗೆ ಬೆಲ್ಟು, ಮೂಗಿನ ನೇರಕ್ಕೆ ಮಾತ್ರ ಲೋಕ;
ತಟ್ಟೆ ಕಾಣದು, ಕಾಲುಂಗುರ ಕಾಣದು,
ಸೂರಿನ ಜೇಡ ಮಾತ್ರ ಚೆನ್ನಾಗಿ ಪರಿಚಯವಾಯಿತು.
ಹೆಂಡತಿಯನ್ನು ಕರೆಯಲು ಲೋಟಕ್ಕೆ ಚಮಚ ಬಡಿದೆ.
"ಒಂದು ಸಲ, ಎರಡು ಸಲ, ಮೂರು ಸಲ,
ಯಾರಿಗೆ ಬಿತ್ತು ಸಾಮೀ?" ಎನ್ನುತ್ತಾ ಬಂದಳು.
ಆಮೇಲೆ ನೀರೊಲೆಯ ಮುಂದೆ ನಿಂತು ಅತ್ತದ್ದು
ನನಗೆ ಕೇಳಿಸಿತು. ಕಿವಿಗೇನೂ ಆಗಿರಲಿಲ್ಲ.

ಗಲ್‌ಪೇಟೆಯಿಂದ ಸ್ಕೂಟರಿನಲ್ಲಿ ಶಬರೀನ್ ಬರುತ್ತಾಳೆ,
ಮಗಳಷ್ಟು ವಯಸ್ಸು, ಮೇಷ್ಟರಷ್ಟು ಗತ್ತು.
"ಅಂಗೈ ಹಣೆಗಿಡಿ. ಹಣೆಯಿಂದ ಕೈ ತಳ್ಳಿ,
ಕೈಯಿಂದ ಹಣೆ ತಳ್ಳಿ. ಎರಡೂ ಜರುಗಬಾರದು."
ಕೊಳ್ಳುವವನೂ ನಾನೇ, ಕೊಡುವವನೂ ನಾನೇ,
ಯಾರೂ ಏರದ, ಯಾರೂ ಇಳಿಯದ ವ್ಯಾಪಾರ.
ಐದು ಎಣಿಸಬೇಕು. ಆರಕ್ಕೆ ಬಿಡಬೇಕು.
ಹೆಬ್ಬೆರಳಿಗೆ ಒಂದು ಬಟ್ಟಲು ಹುರುಳಿಕಾಳು:
ಒಂದೊಂದೇ ಹೆಕ್ಕಿ ಇನ್ನೊಂದಕ್ಕೆ ಹಾಕು,
ಮತ್ತೆ ಇದಕ್ಕೆ.
ಒಮ್ಮೊಮ್ಮೆ ಬಟ್ಟಲು ಎಸೆದಿದ್ದೇನೆ.
ಹೆಕ್ಕಿದವಳು ಅವಳೇ.

ಮೂರನೇ ತಿಂಗಳು ಮಂಡಿಗೆ ಹೋದೆ, ಸುಮ್ಮನೆ.
ನನ್ನ ಜಾಗದಲ್ಲಿ ಅಕ್ಕನ ಮಗ ಚೌಡರೆಡ್ಡಿ ಕೂಗುತ್ತಿದ್ದ.
ಹತ್ತುಗಳನ್ನು ನುಂಗುತ್ತಾನೆ, ಉಸಿರು ತಪ್ಪು ಕಡೆ ಎಳೆಯುತ್ತಾನೆ.
ಆದರೂ ಮಾರುತ್ತಿತ್ತು. ಅದೇ ಹೊಟ್ಟೆಯುರಿ.
ಹಿಂದಿನಿಂದ ಯಾರೋ "ಪಿಳ್ಳಪ್ಪಣ್ಣಾ" ಎಂದರು.
ಇಷ್ಟು ದಿನ ಎತ್ತಿನಗಾಡಿಯ ಹಾಗೆ
ಇಡೀ ಮೈ ಹೊರಳಿಸಿ ತಿರುಗುತ್ತಿದ್ದವನು
ಬರೀ ಕತ್ತು ತಿರುಗಿಸಿದೆ.
ಗೊತ್ತಾದದ್ದು ತಿರುಗಿಸಿದ ಮೇಲೆ.

ಕರೆದವನು ಯಾರೋ, ಕಂಡವನು ಇನ್ಯಾರೋ:
ಮೀಸೆ ಈಗಷ್ಟೇ ಚಿಗುರಿದ ಹುಡುಗ,
ತಲೆಯ ಮೇಲೆ ಎರಡು ಕ್ರೇಟು, ಕತ್ತಿನ ನರ ಹುರಿಗೊಂಡು.
"ಇಳಿಸೋ" ಎಂದೆ.
ತುಕ್ಕು ಹಿಡಿದ ರಾಟೆಯ ಹಾಗೆ, ಆದರೆ ಬಂತು,
ಮೂರು ತಿಂಗಳು ಬೆಲೆಗಳಿಗಾಗಿ ಕಾಯ್ದಿಟ್ಟದ್ದು.
"ಎಷ್ಟಕ್ಕೆ ಇಳಿಸಲಿ ಅಣ್ಣಾ?" ಎಂದು ನಕ್ಕು
ಅವನು ನಡೆದೇಬಿಟ್ಟ.

ಲಾರಿಯ ಮರೆಗೆ ಹೋಗುವ ತನಕ ನೋಡುತ್ತಿದ್ದೆ,
ಕತ್ತು ಎಷ್ಟು ತಿರುಗುತ್ತದೋ ಅಷ್ಟು.