ಎಡದ ಡಬ್ಬ

ಎಡದ ಡಬ್ಬ ಮಂಕಾಗಿತ್ತು.
ಸತ್ತಿರಲಿಲ್ಲ; ನೆಗಡಿಯಾದವರ ಹಾಗೆ
ಹಾರ್ಮೋನಿಯಂ ಬಂದಾಗ ಗೊರ್ರೆಂದು
ಆಮೇಲೆ ಸುಮ್ಮನೆ.
ತಲೆಗೊಂದು ಮೊಟಕಿದರೆ ಮತ್ತೆ ನಾಕು ಮಾತು.

ಹಳೇ ಸೀರೆಯಲ್ಲಿ ಸುತ್ತಿ, ಕುಂಬಳಕಾಯಿಯಂತೆ
ಕಂಕುಳಲ್ಲಿ ಇರುಕಿಕೊಂಡು,
ಶಿಡ್ಲಘಟ್ಟದ ದಿಬ್ಬೂರಹಳ್ಳಿ ರಸ್ತೆಯಲ್ಲಿ
ಗೂಡಿನ ಮೂಟೆ ಇಳಿಸುವ ಆಟೋಗಳ ನಡುವೆ
ದಾರಿ ಬಿಡಿಸಿಕೊಂಡು ಖಲಂದರನ ಅಂಗಡಿಗೆ ಹೋದೆ.

"ಒಂದೇ ತಂದ್ಯಾ ಮುನಿರತ್ನಕ್ಕ? ಜೋಡಿ ಎಲ್ಲಿ?"
"ಅದು ಚೆನ್ನಾಗಿದೆ."
"ಚೆನ್ನಾಗಿರೋದನ್ನೂ ತರಬೇಕು. ಇಲ್ಲಾಂದ್ರೆ
ಕೆಟ್ಟದ್ದು ಎಷ್ಟು ಕೆಟ್ಟಿದೆ ಅಂತ ಯಾರನ್ನ ಕೇಳೋದು?"

ನಾಲ್ಕು ಸ್ಕ್ರೂ. ಒಳಗೆ ಹಳೇ ಹತ್ತಿ, ಒಂದು ಒಣಗಿದ ಜಿರಳೆ.
ಗಡಿಯಾರದ ಸೆಲ್ಲನ್ನು ತಂತಿಗೆ ತಾಕಿಸಿದ.
ಕಪ್ಪು ಕಾಗದದ ಬಟ್ಟಲು ಟಪ್ಪೆಂದು ಮುಂದೆ ಬಂತು.
ಎರಡನೇ ಸಲ ಬರಲಿಲ್ಲ.
ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ಕಿವಿ ಕೊಟ್ಟು,
"ಉಜ್ತಾ ಇಲ್ಲ. ಸುರುಳಿ ಸುಟ್ಟಿಲ್ಲ."
ಮೀಟರಿನ ಮುಳ್ಳು ಆರರ ಹತ್ತಿರ ನಿಂತಿದ್ದು
ಬಟ್ಟಲು ಅಲ್ಲಾಡಿದ್ದೇ ಬಿದ್ದುಹೋಯಿತು.
"ಎಲ್ಲೋ ಎಳೆ ಕಡಿದಿದೆ ಅಕ್ಕ. ಹೊರಗೆ ಕಾಣಲ್ಲ,
ಒಳಗೆ ಮುರಿದು ಒಂದಕ್ಕೊಂದು ಆನಿಕೊಂಡಿರ್ತವೆ."

ಎಳೆ ಅಂದ ಕೂಡಲೆ ನನ್ನ ಬೆರಳು ಎದ್ದವು.
ಇಪ್ಪತ್ತೆರಡು ವರ್ಷ ಹುರಿಮಿಷನ್ನಿನ ಪಕ್ಕ ನಿಂತವಳು,
ಓಡುವ ಕದಿರಲ್ಲಿ ಕಡಿದ ರೇಷ್ಮೆಯನ್ನು
ಕಣ್ಣು ಬೇರೆಲ್ಲೋ ಇಟ್ಟು ಗಂಟು ಹಾಕಿದವಳು.
"ಸ್ವಲ್ಪ ಸರ್ಕೊ" ಎಂದು
ಜಡೆ ಹೆಣೆದ ತಾಮ್ರದ ಎಳೆಯನ್ನು
ಉಗುರ ತುದಿಯಲ್ಲಿ ಸವರುತ್ತ ಹೋದೆ.
ಬಟ್ಟಲಿಗೆ ಅಂಟಿದ ಕಡೆ, ಅಕ್ಕಿಕಾಳಿನಷ್ಟು ಜಾಗ
ಮೆತ್ತಗಿತ್ತು.
"ಇಲ್ಲಿ."
ಚಿಮಟದಲ್ಲಿ ಎಳೆದ. ಕೈಗೆ ಬಂತು.
ನನ್ನ ಮುಖ ನೋಡಲಿಲ್ಲ, ಟೀ ತರಿಸಿದ.

ಹೊಸ ಎಳೆ. ರಾಳದ ಹೊಗೆ. "ಬಿಗಿ ಆಗಬಾರದು,
ಕುಣಿಯೋಕೆ ಜಾಗ ಇರಬೇಕು."
ನೂರಿಪ್ಪತ್ತು ಹೇಳಿ ಎಂಬತ್ತು ತಗೊಂಡ.

ಮನೆಯಲ್ಲಿ ಹಾಕಿದೆ. ಗೊರ್ರೆನ್ನಲಿಲ್ಲ.
ಆದರೆ ಎಡ ಇನ್ನೂ ಮಂಕು.
ತಬಲ ಬಲದಲ್ಲಿ ಗೋಲಿಯಂತೆ ಉರುಳುತ್ತಿದೆ,
ಹಾರ್ಮೋನಿಯಂ ಪಕ್ಕದ ಬೀದಿಯಲ್ಲಿ.

ಫೋನು ಮಾಡಿದೆ. "ವೈರು ಅದಲು ಬದಲು ಮಾಡು." ಮಾಡಿದೆ.
ತಬಲ ಎಡಕ್ಕೆ ಬಂತು. ಬಂದದ್ದೇ ತಾನೂ ಮಂಕಾಯಿತು.
"ಡಬ್ಬಾನೇ ಅದಲು ಬದಲು ಮಾಡು."
ಸೊಂಟ ಹಿಡಿಯಿತು. ಎಡ ಎಡವೇ.
ಆ ಕಡೆ ಖಲಂದರ್ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ, ಗಿರಾಕಿಗೆ ರೇಟು ಹೇಳುವ ದನಿಯಲ್ಲಿ,
"ಈಗ ಕುರ್ಚಿ ತಿರುಗಿಸಿ ಕೂತ್ಕೋ ಅಕ್ಕ."

ಗೋಡೆ ನೋಡುತ್ತ ಕೂತೆ.
ಬೆನ್ನ ಹಿಂದೆ ಮಂಕು ಎದ್ದು
ಈ ಡಬ್ಬದಿಂದ ಆ ಡಬ್ಬಕ್ಕೆ ನಡೆದಿತ್ತು,
ನನ್ನ ಎಡಕ್ಕೇ.
ಫೋನು ಯಾವ ಕಿವಿಯಲ್ಲಿದೆ ಅಂತ ಆಗ ನೋಡಿಕೊಂಡೆ.
ಬಲ. ಯಾವಾಗಲೂ ಬಲ.

ಹುರಿಮಿಷನ್ನು ನನ್ನ ಎಡಕ್ಕಿತ್ತು.
ನಾನೂರೆಂಬತ್ತು ಕದಿರು, ಬೆಳಿಗ್ಗೆ ಎಂಟರಿಂದ.
ಬಲಕ್ಕೆ ಒಂದು ಕಿಟಕಿ.
ಕಿವಿಗೆ ಸೆಲ್ಲು ತಾಕಿಸಿ ನೋಡುವಂತಿಲ್ಲ,
ಅಲ್ಲಿ ಕಡಿದ ಎಳೆ ಉಗುರಿಗೆ ಸಿಗುವುದಿಲ್ಲ.

ವೈರು, ಡಬ್ಬ, ಕುರ್ಚಿ, ಎಲ್ಲ ಮೊದಲಿನಂತೆ ಇಟ್ಟೆ.
ಆಂಪ್ಲಿಫೈಯರಿನಲ್ಲಿ ಬ್ಯಾಲೆನ್ಸ್ ಅಂತ ಒಂದು ಗುಂಡಿ,
ಇಷ್ಟು ವರ್ಷ ಧೂಳು ಮಾತ್ರ ಒರೆಸಿದ್ದೆ.
ಎಡಕ್ಕೆ ತಿರುಗಿಸಿದೆ. ಇನ್ನೊಂದು ಚೂರು.
ಹಾರ್ಮೋನಿಯಂ ಬಂದು ನಡುವೆ ಕೂತಿತು.

ಪಕ್ಕದ ಮನೆ ನಾಗವೇಣಿ ಹಾಲಿನ ಪಾತ್ರೆ ಹಿಡಿದು ಬಂದು
"ಎಡದ್ದು ಕಿರಿಚ್ತಾ ಇದೆ, ರಿಪೇರಿ ಸರಿಯಾಗಿಲ್ಲ" ಅಂದಳು.
ಬಲಗಿವಿಗೆ ಕೇಳಿಸಿತು.
ಕೇಳದವಳ ಹಾಗೆ ಇದ್ದೆ.