ಎ-ಮೂರು

ಬಾಗೇಪಲ್ಲಿಯಲ್ಲಿ ನನ್ನದೊಂದು ಸ್ಟುಡಿಯೋ.
ಪಾಸ್‌ಪೋರ್ಟ್ ಫೋಟೋ ಎಂಟಕ್ಕೆ ಎಂಬತ್ತು,
ಹಲ್ಲಿನ ಕಂದು ಪಟ್ಟೆ ಅಳಿಸುವುದು ಪುಕ್ಕಟೆ.
ಬೋರ್‌ವೆಲ್ ಬರೆದದ್ದನ್ನು
ಮೌಸ್ ಹಿಡಿದು ಒರೆಸಿ ಒರೆಸಿ
ನನ್ನ ತೋರುಬೆರಳೇ ಸವೆದಿದೆ.

ಮುಂದಿನ ಹಲ್ಲು ಮುರಿದದ್ದು ಟ್ರೈಪಾಡ್ ತಗುಲಿ.
ಡಾಕ್ಟರ್ ಮುಬೀನಾ ನನ್ನನ್ನು ಕಿಟಕಿಗೆ ತಿರುಗಿಸಿ
ಬೀಗದಕೈ ಗೊಂಚಲಿನಂಥ ಹಲ್ಲಿನ ಸಾಲೊಂದನ್ನು
ತುಟಿಯ ಹತ್ತಿರ ಹಿಡಿದರು:
‘ಎ-ಮೂರು.’
‘ಎ-ಒಂದು ಹಾಕಿ ಮೇಡಂ,
ಬಣ್ಣದ ವಿಷಯ ನನಗೂ ಗೊತ್ತು.’
‘ಬೇಗ ಹೇಳಿ. ಬಾಯಿ ಒಣಗಿದರೆ
ಹಲ್ಲು ಬೆಳ್ಳಗೆ ಸುಳ್ಳು ಹೇಳುತ್ತೆ.’

ನಾನೇ ಗೆದ್ದೆ.
ನೀಲಿ ಬೆಳಕು, ಇಪ್ಪತ್ತು ಸೆಕೆಂಡು,
ಹಿಟ್ಟಿನ ಹಾಗಿದ್ದದ್ದು ಕಲ್ಲಾಯಿತು.
ತಿಂಗಳುಗಟ್ಟಲೆ ನನ್ನ ಬಾಯಲ್ಲಿ
ಯಾರದೋ ಮನೆಯ ಸುಣ್ಣದ ಗೋಡೆ.
ನಗುವಾಗ ಅಂಗೈ ಅಡ್ಡ.

ಆಮೇಲೆ ದಿನಕ್ಕೆ ಆರು ಲೋಟ ಟೀ,
ಹುಣಸೆ ಚಾರು,
ವೆಂಕಟ್ರವಣನ ಅಂಗಡಿಯ ಎಲೆಯಡಿಕೆ.
ಐದು ವರ್ಷ.
ಮೊನ್ನೆ ಕನ್ನಡಿಯಲ್ಲಿ ಹುಡುಕಿದೆ,
ಇದರಲ್ಲಿ ಹಾಕಿಸಿದ್ದು ಯಾವುದು?
ಅಂಚಿನಲ್ಲೊಂದು ಕೂದಲೆಳೆ ಗೆರೆ ಇಲ್ಲದಿದ್ದರೆ
ಸಿಗುತ್ತಲೇ ಇರಲಿಲ್ಲ.

‘ಬಣ್ಣ ಕುಡಿದಿದೆ. ಪಾಲಿಶ್ ಮಾಡಿದರೆ ಸ್ವಲ್ಪ ಹೋಗುತ್ತೆ,
ಬೇಕಾದರೆ ಕೆರೆದು ಹೊಸದು.’
‘ಬೇಡ ಮೇಡಂ,
ಈಗ ತಾನೇ ಎ-ಮೂರಾಗಿದೆ.’

ಮಾಸ್ಕ್ ಇಳಿಸಿ ನಕ್ಕರು.
ಗೂಳೂರಿನ ನೀರು, ನೋಡಿದರೆ ಗೊತ್ತಾಗುತ್ತೆ.
ಹೊರಗೆ ಬೋರ್ಡಿನಲ್ಲಿ ಅವರದೇ ಫೋಟೋ,
ಹಾಲಿನಂಥ ಹಲ್ಲು.
ತೆಗೆದವನು ನಾನು.
ಅಳಿಸಿದ್ದು ಮರೆತೇ ಹೋಗಿತ್ತು.