ಯಾರ ಹದ್ದು

ಎಲ್ ಇರಬೇಕಾದಲ್ಲಿ ಒಂದರ ಅಂಕಿ. ಅಷ್ಟೇ ಫರಕು.
ಕೌಲ್ ಬಜಾರಿನ ಮಸ್ತಾನ್‌ವಲಿ ನೋಡಲಿಲ್ಲ ಅದನ್ನ.
ಮೂವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕಣ್ಣು
ಇಮೇಲಿನ ಒಂದು ಗೀಟಿಗೆ ಮೋಸಹೋಯಿತು.
ಚೀನಾದ ಝಿಪ್ಪಿನ ಕಂಪನಿ ‘ನಮ್ಮ ಖಾತೆ ಬದಲಾಗಿದೆ’ ಅಂದಿತು,
ಇವನು ಹನ್ನೊಂದು ಲಕ್ಷ ನಲವತ್ತು ಸಾವಿರ ಕಳಿಸಿದ.
ಝಿಪ್ಪು ಬರಲಿಲ್ಲ. ಮುಂಡರಗಿ ಶೆಡ್ಡಿನಲ್ಲಿ
ಆರು ಸಾವಿರ ಜೀನ್ಸ್ ಪ್ಯಾಂಟು
ಬಾಯಿ ತೆರಕೊಂಡು ಕೂತವು.

ನಾನು ಠಾಣೆಯ ರೈಟರ್, ಹಂಪಮ್ಮ.
ಹದಿನಾಲ್ಕು ವರ್ಷ ಬರೆದದ್ದೆಲ್ಲ
‘ನಮ್ಮ ಹದ್ದಿನಲ್ಲಿ’ ಅಂತಲೇ ಶುರು.
ಒಮ್ಮೆ ಆಲೂರು ರಸ್ತೆಯಲ್ಲಿ ಲಾರಿ ಗುದ್ದಿ ಸತ್ತವನ
ತಲೆ ಆಂಧ್ರದಲ್ಲಿ, ಕಾಲು ನಮ್ಮಲ್ಲಿ.
ಎರಡೂ ಠಾಣೆಯವರು ಟೇಪು ಹಿಡಿದು ಅಳೆದೆವು
ಸಂಜೆವರೆಗೆ. ನೊಣಗಳು ಮಾತ್ರ
ಯಾರನ್ನೂ ಕೇಳದೆ ಆಚೀಚೆ ಹಾರಾಡಿದವು.

ಈ ದುಡ್ಡೂ ಹಾಗೇ.
ಮುಂಬೈ, ಹಾಂಗ್‌ಕಾಂಗ್, ಆಮೇಲೆ ರೀಗಾ,
ಮೂರೂವರೆ ತಾಸಿನೊಳಗೆ.
ರೀಗಾ ಎಲ್ಲೈತಿ ಅಂದರು ಸಾಹೇಬರು.
ಮಗಳ ಅಟ್ಲಾಸ್ ತಂದು ತೋರಿಸಿದೆ,
ಬೆರಳಿಟ್ಟರೆ ಮುಚ್ಚಿಹೋಗುವ ಸಾಸಿವೆಯಷ್ಟು ಊರು.

ಮನವಿ ಬರೆದೆ. ಮೇಲಿನವರು, ಅವರ ಮೇಲಿನವರು, ದಿಲ್ಲಿ;
ಎಲ್ಲರ ರುಜು ಬೀಳುವಷ್ಟರಲ್ಲಿ ಹತ್ತೊಂಬತ್ತು ದಿನ.
ಆಮೇಲೆ ವಾಪಸು ಬಂತು:
ಬ್ಯಾಂಕಿನ ದಾಖಲೆಯಲ್ಲಿ ಊರಿಗೆ ಬ್ರಿಟಿಷರ ಕಾಲದ ಇಂಗ್ಲಿಷ್ ಸ್ಪೆಲ್ಲಿಂಗು,
ನಮ್ಮ ಮೊಹರಿನಲ್ಲಿ ಹೊಸದು.
ಎರಡೂ ಒಂದೇ ಊರೆಂದು ಪ್ರಮಾಣ ಬೇಕಂತೆ.
ಕೋಟೆ ಗುಡ್ಡದ ಕಡೆ ನೋಡಿದೆ. ಅದೇನು ಸಾಕ್ಷಿ ಹೇಳೀತು,
ಒಂದೇ ಕಲ್ಲಾಗಿ ಕೂತಿದೆ.
ಕಳ್ಳ ಒಂದಕ್ಷರ ತಿದ್ದಿ ದೋಚಿದ,
ಸರ್ಕಾರ ಎರಡಕ್ಷರ ತಿದ್ದಿತ್ತು, ನಾನು ಸಿಕ್ಕಿಬಿದ್ದೆ.

ಅಲ್ಲಿ ಇಲ್ಜೆ ಅನ್ನುವ ಹೆಂಗಸು
(ನನ್ನಂಥದೇ ಕಿರುಗುಟ್ಟುವ ಕುರ್ಚಿ ಇರಬೇಕು)
ಪ್ರಮಾಣ ಮುಟ್ಟುವ ಮುಂಚೆಯೇ ಖಾತೆಗೆ ತಡೆ ಹಾಕಿಸಿ
ಮೂರು ಸಾಲು ಕಳಿಸಿದಳು:
‘ತಡೆ ಏಳೇ ದಿನ ನಿಲ್ಲುತ್ತದೆ.
ಕಾಗದ ಬೇಗ ಬರಲಿ.
ಮಾರ್ಚ್ ಮುಗಿದರೂ ಇಲ್ಲಿ ಹಿಮ ಬೀಳುತ್ತಿದೆ.’
ಕೊನೆಯ ಸಾಲನ್ನು ಯಾವ ಕಡತಕ್ಕೆ ಹಚ್ಚಲಿ?
ನಾನೂ ಬರೆದೆ: ಇಲ್ಲಿ ನಲವತ್ತೊಂದು ಡಿಗ್ರಿ,
ಕರೆಂಟಿಲ್ಲ, ಮೊಹರಿನ ಮಸಿ ಒಣಗಿದೆ.

ಸಿಕ್ಕದ್ದು ನಾಲ್ಕು ಲಕ್ಷ.
ಉಳಿದದ್ದು ನಮ್ಮೊಡನೆ ಒಪ್ಪಂದವಿಲ್ಲದ
ಇನ್ನೊಂದು ದೇಶಕ್ಕೆ ದಾಟಿದೆ. ಅಲ್ಲಿಗೂ ಬರೆದಿದ್ದೇನೆ.
ಮೂರನೇ ನೆನಪೋಲೆ ನಿನ್ನೆ ಹೋಯಿತು.

ಮಸ್ತಾನ್‌ವಲಿ ಬಂದ. ಅಳಲಿಲ್ಲ, ಕೈ ಮುಗಿಯಲಿಲ್ಲ.
ಕೊರಳಿಗೆ ಇಳಿಬಿಟ್ಟ ಟೇಪು ತೆಗೆದು ನನ್ನ ಮೇಜಿನ ಮೇಲಿಟ್ಟ.
‘ಆ ಮೇಡಮ್ಮಂದು ನಡು ಎಷ್ಟಿಂಚು ಕೇಳ್ರಿ.
ಒಂದು ಪ್ಯಾಂಟು ಹೊಲೀತೀನಿ. ಚಳಿ ದೇಶ,
ದಪ್ಪ ಬಟ್ಟೆ ಐತಿ ನಂತಾವ.’

ನಮೂನೆಯ ಕಾಲಮ್ಮೆಲ್ಲ ಹುಡುಕಿದೆ.
ಅದನ್ನು ಕೇಳಲು ಜಾಗವಿಲ್ಲ.
ತೀರಾ ಕೆಳಗೆ ‘ಇತರೆ’ ಅಂತ ಒಂದು ಗೆರೆ ಇದೆ.
ಪೆನ್ನು ಅಲ್ಲಿಟ್ಟುಕೊಂಡು ಕೂತಿದ್ದೇನೆ.